ತುಂಬಿದ ಬಾವಿ, ಖಾಲಿ ಕೋಣೆ

ನಮ್ಮ ಮಾವ ಏನನ್ನೂ ಬಿಸಾಡಿದವರಲ್ಲ. ಹರಿದ ಕಂಬಳಿ, ಹಲ್ಲುದುರಿದ ಹಲುಬೆ, ಬಾಯಿ ಸೀಳಿದ ಮಡಕೆ, ಸತ್ತ ಎತ್ತಿನ ಕೊರಳ ಗಂಟೆ, ಯಾವುದಾದರೂ ಸರಿ, ಎಂದಾದರೂ ಬೇಕಾದೀತು ಎಂದು ನಡುಮನೆಯ ಪಕ್ಕದ ಕೋಣೆಗೆ ತಳ್ಳಿಬಿಡುತ್ತಿದ್ದರು. ಒಳಗೆ ಹೋದದ್ದು ಹೊರಗೆ ಬಂದದ್ದನ್ನು ನಾನಂತೂ ಕಾಣೆ. ಬಾಗಿಲು ತೆಗೆದರೆ ಮುಖಕ್ಕೆ ಬಡಿಯುತ್ತಿದ್ದುದು ಹಳೇ ಚರ್ಮದ ವಾಸನೆ. ಕೋಣೆಯ ನಟ್ಟನಡುವೆ, ಎಲ್ಲ ಸಾಮಾನಿಗೂ ಯಜಮಾನನಂತೆ ಕಪಿಲೆ ಕೂತಿತ್ತು. ಹಾಗಾಗಿ ಅದಕ್ಕೆ ಕಪಿಲೆ ಕೋಣೆ ಎಂದೇ ಹೆಸರು.

ಕಪಿಲೆ ಎಂದರೆ ಈಗಿನ ಮಕ್ಕಳಿಗೆ ತಿಳಿಯಲಾರದು. ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಸಾಧನ ಅದು. ಮನುಷ್ಯ ಕೂರುವಷ್ಟು ದೊಡ್ಡ ಚರ್ಮದ ಬಾನಿ, ತೋಳು ಗಾತ್ರದ ಹಗ್ಗ, ಮರದ ಗಾಲಿ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾನಿ ಮೇಲೆ ಬರುತ್ತದೆ, ಹಿಮ್ಮೆಟ್ಟಿ ನಡೆದರೆ ಕೆಳಗೆ ಇಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮುಂದೆ ಹಿಂದೆ, ಮುಂದೆ ಹಿಂದೆ. ನಮ್ಮ ಮಾವನ ಹರೆಯವೆಲ್ಲ ಹಾಗೇ ಕಳೆದಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಒಳಗೆ ಸರಿದರೆ ನಮ್ಮೂರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಾಲೆ ನೀರು ಬಂದು ಐದಾರು ವರ್ಷವಾಗಿತ್ತು. ರಾಗಿ ಹೊಲಗಳೆಲ್ಲ ಗದ್ದೆಯಾಗಿದ್ದವು. ಕಬ್ಬಿನ ಗಾಡಿಗಳು ಸಾಲುಗಟ್ಟಿ ಮಂಡ್ಯದ ಕಾರ್ಖಾನೆಗೆ ಹೋಗುತ್ತಿದ್ದವು. ನಮ್ಮ ಮನೆಯಲ್ಲೂ ದಿನಾ ಅನ್ನ ಬೇಯುತ್ತಿತ್ತು. ಆದರೂ ಮಾವನಿಗೆ ಆ ನೀರಿನ ಮೇಲೆ ಒಂದಿಷ್ಟೂ ನಂಬಿಕೆಯಿರಲಿಲ್ಲ. ನಾಲೆಯಲ್ಲಿ ನೀರು ಹರಿಯುವುದನ್ನು ಕಣ್ಣಾರೆ ನೋಡುತ್ತಲೇ, ಇದು ಬೇರೆಯವರ ಕೈಲಿರುವ ನೀರು, ಇವತ್ತು ಬಿಟ್ಟಿದ್ದಾರೆ ನಾಳೆ ಕಟ್ಟುತ್ತಾರೆ, ಆಗ ಈ ಕಪಿಲೆಯೇ ಗತಿ ಎನ್ನುತ್ತಿದ್ದರು. ಕಪಿಲೆಯ ಜೊತೆಗೆ ಒಣ ಬೇಸಾಯದ ಕೂರಿಗೆ, ಕುಂಟೆ, ನೇಗಿಲಿನ ಕಬ್ಬಿಣದ ಗುಳ, ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆಗಳು, ಎಲ್ಲವೂ ಆ ಕೆಟ್ಟ ದಿನಕ್ಕಾಗಿ ಕಾದು ಕೂತಿದ್ದವು.

ಶಿವಪುರದಲ್ಲಿ ಕಾಂಗ್ರೆಸ್ಸಿನವರ ಬಾವುಟ ಹಾರಿದ ವರ್ಷವೇ ನನ್ನ ಮದುವೆ. ನನ್ನ ತವರು ಹಲಗೂರಿನ ಕಡೆ. ಅವ್ವ ಇಲ್ಲದ ತವರು, ಹಾಗಾಗಿ ಮೊದಲ ಹೆರಿಗೆಗೂ ನಾನು ಗಂಡನ ಮನೆಯಲ್ಲೇ ಉಳಿದೆ. ಎಂಟು ಜನ ಒಂದೇ ನಡುಮನೆಯಲ್ಲಿ ಮಲಗುವ ಮನೆ ಅದು. ಬಾಣಂತಿಗೆ ಬೇರೆ ಜಾಗವೆಲ್ಲಿ? ಕಪಿಲೆ ಕೋಣೆಯ ವಾಡೆಗಳ ಸಂದಿಯಲ್ಲಿ ಒಂದು ಚಾಪೆಯಗಲ ಜಾಗ ಬಿಡಿಸಿಕೊಟ್ಟರು. ಗಾಳಿಯಿಲ್ಲ, ಬೆಳಕಿಲ್ಲ. ಒಂದು ಕಿಟಕಿಯಿತ್ತು, ಅದನ್ನು ಎಂದೋ ಇಟ್ಟಿಗೆಯಿಟ್ಟು ಮೆತ್ತಿದ್ದರು. ಹಗಲೇ ಸೊಳ್ಳೆ ಗುಂಯ್‌ಗುಡುತ್ತಿತ್ತು. ಗಂಡು ಕೂಸು. ಹದಿನೈದು ದಿನ ತುಂಬುವ ಮೊದಲೇ ಜ್ವರ ಬಂದು ತೀರಿಹೋಯಿತು. ಎಲ್ಲರೂ ನನ್ನ ಹಣೆಬರಹ ಎಂದರು. ನಾನೂ ಹಾಗೇ ಅಂದುಕೊಂಡೆ.

ಎರಡು ವರ್ಷದ ಮೇಲೆ ಮತ್ತೆ ಬಸುರಾದೆ. ಆಗ ಯುದ್ಧದ ಕಾಲ. ಸೀಮೆಎಣ್ಣೆಗೂ ಪರದಾಟ. ಹಳ್ಳಿಗಳಲ್ಲಿ ಚಳಿಜ್ವರ ಜಾಸ್ತಿಯಾಗಿ, ಮದ್ದೂರಿನಿಂದ ಒಬ್ಬ ನರ್ಸಮ್ಮ ಗಾಡಿಯಲ್ಲಿ ಮಾತ್ರೆ ಹಂಚಲು ಬರುತ್ತಿದ್ದರು. ಬಿಳಿ ಸೀರೆ, ಕೈಯಲ್ಲಿ ಕಪ್ಪು ಕೊಡೆ, ಮಾತು ಕಡ್ಡಿ ಮುರಿದಂತೆ. ನನ್ನನ್ನು ನೋಡಿ ಎಷ್ಟು ತಿಂಗಳು ಎಂದು ಕೇಳಿದರು. ಐದು ಎಂದೆ. ಮೊದಲನೆಯದು ಏನಾಯಿತು, ಎಲ್ಲಿ ಹೆತ್ತೆ, ಒಂದೊಂದನ್ನೇ ಕೇಳಿ, ಆ ಜಾಗ ತೋರಿಸು ಎಂದರು. ಬಾಗಿಲು ತೆಗೆದೆ. ಅವರು ಮೂಗಿಗೆ ಸೆರಗು ಹಿಡಿದು ಒಳಗೆ ಇಣುಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಿನ್ನ ಹಣೆಬರಹ ಅಲ್ಲಮ್ಮ, ಕೋಣೆ" ಎಂದರು. "ಇದನ್ನ ಪೂರಾ ಖಾಲಿ ಮಾಡಿಸು. ಕಿಟಕಿ ಒಡೆಸು, ಸುಣ್ಣ ಹೊಡೆಸು. ಹಳೇ ಬಟ್ಟೆ ಕುದಿಸಿ ಒಣಗಿಸಿ ಇಡು. ಅಷ್ಟು ಮಾಡಿದರೆ ಹೇಳಿ ಕಳಿಸು, ಬರ್ತೀನಿ. ಈ ಗೋಡೌನಿನೊಳಗೆ ಮಾತ್ರ ನಾನು ಹೆರಿಗೆ ಮಾಡಿಸಲ್ಲ."

ಆ ಮಾತು ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷ ಹಣೆಯನ್ನು ಬೈದುಕೊಂಡು ಕೂತಿದ್ದೆನಲ್ಲ, ಅಷ್ಟೂ ಸಿಟ್ಟು ಒಟ್ಟಿಗೆ ಬಂತು.

ಮೊದಲು ನಮ್ಮವರಿಗೆ ಹೇಳಿದೆ. ಹೊಲದಲ್ಲಿ ಹುಲಿಯಂಥ ಮನುಷ್ಯ, ಅಪ್ಪನ ಮುಂದೆ ಬಾಯಿಯೇ ಇಲ್ಲ. ಕೇಳುತ್ತೇನೆ, ಕೇಳುತ್ತೇನೆ ಎಂದು ಒಂದು ತಿಂಗಳು ತಳ್ಳಿದರು. ಅತ್ತೆಗೆ ಹೇಳಿದೆ. ಅವರು ಆ ಕೋಣೆಯ ಸುದ್ದಿ ಎತ್ತಿ ಇಪ್ಪತ್ತು ವರ್ಷದ ಹಿಂದೆಯೇ ಸೋತವರು. ಕೊನೆಗೆ ನಾನೇ ಕಂಬದ ಮರೆಯಲ್ಲಿ ನಿಂತು ಮಾವನನ್ನು ಕೇಳಿದೆ. ಆಗಲ್ಲ ಎಂದರು. ಮತ್ತೆ ಕೇಳಿದೆ. ಕಪಿಲೆ ಎಲ್ಲಿಡೋದು ಎಂದರು. ಹಿತ್ತಿಲಲ್ಲಿ ಎಂದೆ. ಮಳೆಗೆ ಚರ್ಮ ಕೊಳೆಯುತ್ತದೆ ಎಂದರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಹೆರಿಗೆಗೆ ಇನ್ನೊಂದು ಚಾಪೆಯಗಲ ಜಾಸ್ತಿ ಬಿಡಿಸಿಕೊಡುತ್ತೇನೆ ಎಂದರು. ಅದೇ ದೊಡ್ಡ ಉಪಕಾರ ಎಂದು ಅವರ ಎಣಿಕೆ.

ಬಾಯಿಮಾತು ಸಾಲದು ಎಂದು ಕಳ್ಳದಾರಿ ಹಿಡಿದೆ. ದಿನಕ್ಕೊಂದು ಸಾಮಾನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಗೆ ಎಸೆದು ಬರುವುದು. ಮೊದಲ ದಿನ ತೂತು ಜರಡಿ, ಎರಡನೆಯ ದಿನ ಒಂಟಿ ಕಾಲಿನ ಮಣೆ, ಮೂರನೆಯ ದಿನ ಹಿಡಿಯಿಲ್ಲದ ಕುಡುಗೋಲು. ನಾಲ್ಕನೆಯ ದಿನ ನೋಡಿದರೆ ಮೂರೂ ತೊಳೆದುಕೊಂಡು ಕೋಣೆಯ ಬಾಗಿಲಲ್ಲಿ ಕೂತಿವೆ. ಮಾವ ದಿನಾ ಸಂಜೆ ತಿಪ್ಪೆ ನೋಡಿಕೊಂಡು ಬರುವವರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಯಾರೋ ಮನೆಯ ಸಾಮಾನು ಹೊರಗೆ ಚೆಲ್ಲುತ್ತಿದ್ದಾರೆ, ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿದರಂತೆ.

ಏಳನೆಯ ತಿಂಗಳಲ್ಲಿ ಒಂದು ದಿನ ಸೌದೆ ಪುಳ್ಳೆ ಆರಿಸಲು ಮೇಲಿನ ಹೊಲದ ಕಡೆ ಹೋದೆ. ಅದು ಕಲ್ಲುನೆಲ. ನಾಲೆ ಬಂದ ಮೇಲೆ ಹುಲ್ಲಿಗೆ ಬಿಟ್ಟಿದ್ದರು. ಅಲ್ಲೇ ಕಪಿಲೆ ಬಾವಿ. ಸುತ್ತ ಲಂಟಾನ ಬೆಳೆದು, ಹಾವಿನ ಭಯಕ್ಕೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಮಾವನೂ ಅಷ್ಟೆ. ಕಪಿಲೆಗೆ ಧೂಳು ಕೂರದಂತೆ ನೋಡುತ್ತಿದ್ದರೇ ಹೊರತು ಬಾವಿಯ ಹತ್ತಿರ ಹೋಗಿ ವರ್ಷಗಳೇ ಆಗಿದ್ದವು. ನಾನು ಒಣಕಡ್ಡಿ ಎಳೆಯುತ್ತ ಎಳೆಯುತ್ತ ಪೊದೆಯ ಸಂದಿಯಿಂದ ಬಗ್ಗಿ ನೋಡಿದೆ. ಕೈ ಚಾಚಿದರೆ ಸಿಗುವಷ್ಟು ಮೇಲೆ ನೀರು ನಿಂತಿತ್ತು. ಹೊಲದ ನೆತ್ತಿಯಲ್ಲೇ ನಾಲೆ ಹರಿಯುತ್ತಿತ್ತಲ್ಲ, ವರ್ಷವರ್ಷವೂ ಅದರ ನೀರು ನೆಲದೊಳಗೇ ಜಿನುಗಿ ಬಾವಿಗೆ ಇಳಿದಿತ್ತು. ಮಾವ ಯಾವ ನೀರನ್ನು ನಂಬುತ್ತಿರಲಿಲ್ಲವೋ ಆ ನೀರೇ ಅವರ ಬಾವಿಯನ್ನು ತುಂಬಿಬಿಟ್ಟಿತ್ತು. ನಾನು ಪುಳ್ಳೆ ಅಲ್ಲೇ ಬಿಟ್ಟು ಒಬ್ಬಳೇ ನಕ್ಕೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಾವ, ನಾಲೆ ನಿಂತ ದಿನ ಬಾವಿಯೂ ಇಳಿಯುತ್ತದೆ ಬಿಡು ಎಂದು ಮಾತು ಮುಗಿಸಿಬಿಡುತ್ತಿದ್ದರು. ಅವರನ್ನು ಬಾವಿಯ ಬಾಯಿಗೇ ಕರೆದೊಯ್ಯಬೇಕಿತ್ತು. ಮಾರನೆಯ ದಿನ ಊರಿನ ನಾಲ್ಕು ಜನ ಹಿರಿಯರು ನಮ್ಮ ಜಗುಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಾಗ ಬಾಗಿಲ ಮರೆಯಿಂದ ಕೇಳಿದೆ.

"ಮಾವ, ಆ ಕಪ್ಲೆ ಇನ್ನೂ ನಡೀತದಾ?"

ನಡೆಯದೆ ಏನು ಎಂದರು ಮಾವ. ಚರ್ಮ ಸೆಟೆದಿದೆಯಲ್ಲ ಎಂದೆ. ಎಣ್ಣೆ ಕುಡಿಸಿದರೆ ಮೆತ್ತಗಾಗುತ್ತದೆ ಎಂದರು. ಹಿರಿಯರಲ್ಲೊಬ್ಬರು, ಪಾಪ, ಅವರಿಗೆ ನನ್ನ ಹುನ್ನಾರ ತಿಳಿಯದು, ಎಂಟೊಂಬತ್ತು ವರ್ಷ ಮೂಲೆಗೆ ಬಿದ್ದ ಕಪಿಲೆ ನಡೆಯುವುದುಂಟೇ ಎಂದುಬಿಟ್ಟರು. ಅಲ್ಲಿಗೆ ಮಾವನ ಮೀಸೆ ಕುಣಿಯಿತು.

"ನಡುದ್ರೆ ಆ ಕೋಣೆ ತಂಟೆಗೆ ನಾನ್ ಬರಾಕಿಲ್ಲ" ಎಂದೆ. "ನಡೀನಿಲ್ಲ ಅಂದ್ರೆ ಕೋಣೆ ಖಾಲಿ ಮಾಡ್ಕೊಡಿ, ಮಾವ."

ನಾಲ್ಕು ಜನರ ಮುಂದೆ ಒಪ್ಪಿಕೊಂಡರು. ಒಪ್ಪದೆ ಹೇಗೆ? ಸೊಸೆ ಮಾವನಿಗೆ ಪಂಥ ಕಟ್ಟಿದಳೆಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಆಗಿತ್ತು.

ಮೂರು ದಿನ ಆ ಮುದುಕ ಪಟ್ಟ ಶ್ರಮ ಅಷ್ಟಿಷ್ಟಲ್ಲ. ಬಾನಿಯನ್ನು ಅಂಗಳಕ್ಕೆ ತಂದು, ಹರಳೆಣ್ಣೆ ಬಿಸಿ ಮಾಡಿ, ಅಂಗೈಯಿಂದ ತಿಕ್ಕಿ ತಿಕ್ಕಿ ಕುಡಿಸಿದರು. ಹೊಲಿಗೆ ಬಿಟ್ಟಲ್ಲಿ ಹೊಸ ದಾರ ಹಾಕಿದರು. ಹಗ್ಗವನ್ನು ಮಾರು ಮಾರು ಎಳೆದು ಪರೀಕ್ಷೆ ಮಾಡಿದರು. ಗಾಲಿಗೆ ಎಣ್ಣೆ ಬಿಟ್ಟು ತಿರುಗಿಸಿ ಕಿವಿಗೊಟ್ಟು ಕೇಳಿದರು. ಆ ಕೈಗಳಿಗೆ ಒಂದೂ ಮರೆತಿರಲಿಲ್ಲ. ಬಾವಿಯನ್ನು ಒಂದು ಸಲ ನೋಡಿ ಬರಬೇಕು ಎಂಬುದು ಮಾತ್ರ ತಲೆಗೆ ಬರಲಿಲ್ಲ. ಬಾವಿ ಎಲ್ಲಿ ಹೋಗುತ್ತದೆ? ಅದು ಅವರು ಬಿಟ್ಟಲ್ಲೇ, ಬಿಟ್ಟಷ್ಟೇ ಆಳದಲ್ಲಿ ಇರುತ್ತದೆ ಎಂದು ನಂಬಿಕೊಂಡಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಊರಿಗೆ ಊರೇ ಮೇಲಿನ ಹೊಲದಲ್ಲಿ ಸೇರಿತು. ನಾನು ಹೊಂಗೆ ಮರದ ನೆರಳಲ್ಲಿ ಅತ್ತೆಯ ಪಕ್ಕ ನಿಂತೆ. ನಮ್ಮವರು ಮಚ್ಚು ಹಿಡಿದು ಲಂಟಾನ ಕಡಿದರು. ಕೊನೆಯ ಪೊದೆ ಬಿದ್ದಾಗ ಎರಡು ಕಪ್ಪೆ ಪುಳಕ್ಕನೆ ಹಾರಿದವು. ಮಾವ ಮುಂದೆ ಹೋಗಿ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅವರ ಮುಖ ಅವರಿಗೇ ಕಾಣುವಷ್ಟು ಹತ್ತಿರದಲ್ಲಿ ನೀರು.

ಅಲ್ಲಿಗೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವರು ಬಿಡುವ ಆಸಾಮಿಯೇ? ಗಾಲಿ ಕಟ್ಟಿ, ಬಾನಿ ಇಳಿಬಿಟ್ಟು, ಎತ್ತು ಹೂಡಿದರು. ಎತ್ತುಗಳು ಹುಟ್ಟಿ ಬೆಳೆದದ್ದೇ ಕಬ್ಬಿನ ಗಾಡಿಯ ಕಾಲದಲ್ಲಿ. ಎರಡು ಹೆಜ್ಜೆ ಮುಂದೆ ಇಟ್ಟವು, ಬಾನಿ ಆಗಲೇ ಗಾಲಿಗೆ ಬಂದು ಬಡಿದು ಅರ್ಧ ನೀರು ಮಾವನ ತಲೆಯ ಮೇಲೆ ಸುರಿಯಿತು. ಇನ್ನು ಹಿಮ್ಮೆಟ್ಟಬೇಕು. ಹಿಮ್ಮೆಟ್ಟುವ ವಿದ್ಯೆ ಅವುಗಳಿಗೆ ಯಾರು ಕಲಿಸಿದ್ದರು? ಮಂಡ್ಯಕ್ಕೆ ಹೋಗುವ ದಾರಿ ಬಿಟ್ಟರೆ ಬೇರೆ ದಾರಿ ಕಾಣದ ಎತ್ತುಗಳು, ಗರ್ರನೆ ತಿರುಗಿ ಬಾವಿಯ ಕಡೆ ಮುಖ ಹಾಕಿ ನಿಂತವು. ಹಗ್ಗ ಎರಡರ ಕೊಂಬಿಗೂ ಸುತ್ತಿಕೊಂಡಿತು. ಬಿಡಿಸಿ ಹೂಡಿದರು, ಮತ್ತೆ ತಿರುಗಿದವು. ಮೂರನೆಯ ಸಲ ಜನ ನಗು ತಡೆಯಲಾರದೆ ಕೂತುಬಿಟ್ಟರು.

ಆಗ ನಮ್ಮತ್ತೆ ಮರದ ಕೆಳಗಿಂದ ಹೊರಟರು. ಗಂಡನ ಮಾತಿಗೆ ಎಂದೂ ಎದುರಾಡಿದ ಹೆಂಗಸಲ್ಲ. ಸೊಂಟದಲ್ಲಿ ಬಿಂದಿಗೆಯಿತ್ತು, ಎತ್ತಿಗೆ ಕುಡಿಸಲು ತಂದಿದ್ದರೇನೋ ಎಂದುಕೊಂಡೆ. ನೆಟ್ಟಗೆ ಬಾವಿಯ ಬಾಯಿಗೆ ಹೋಗಿ, ಒಂದು ಕೈಯಲ್ಲಿ ಕಲ್ಲು ಹಿಡಿದು ಬಗ್ಗಿ, ಇನ್ನೊಂದು ಕೈಯಲ್ಲಿ ಬಿಂದಿಗೆ ಅದ್ದಿ, ತುಂಬಿಕೊಂಡು ಎದ್ದರು.

"ಬಗ್ಗುದ್ರೆ ಸಿಕ್ತದಲ್ಲ" ಎಂದರು ಗಂಡನಿಗೆ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲೇ. "ಕಪ್ಲೆ ಯಾಕ್ ಬೇಕು?"

ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಹಿಂತಿರುಗಿ ನೋಡದೆ ಊರ ಕಡೆ ನಡೆದರು. ಇಪ್ಪತ್ತು ವರ್ಷದ ಸೋಲನ್ನು ಒಂದು ಬಿಂದಿಗೆಯಲ್ಲಿ ತೀರಿಸಿಕೊಂಡ ನಡಿಗೆ ಅದು. ನನಗೆ ಕೂಗಿ ಕುಣಿಯಬೇಕು ಅನಿಸಿತು. ಏಳು ತಿಂಗಳ ಬಸುರಿ, ಕುಣಿಯುವುದೆಲ್ಲಿ ಬಂತು, ಸೆರಗು ಬಾಯಿಗಿಟ್ಟು ನಿಂತೆ.

ಜನ ಕರಗಿದ ಮೇಲೂ ಮಾವ ಬಾವಿಯ ಕಲ್ಲಿನ ಮೇಲೆ ಕೂತೇ ಇದ್ದರು. ನಾನು ಹತ್ತಿರ ಹೋದೆ. ಬೊಗಸೆಯಲ್ಲಿ ನೀರೆತ್ತಿ ಕುಡಿದರು.

"ಇದ್ರ ತಳ ಕಂಡಿದ್ದೆ ಕಣವ್ವ" ಎಂದರು. "ಒಂದ್ ತೊಟ್ಟು ನೀರಿಲ್ದಂಗೆ."

ನಾಲೆ ಬರುವ ಮುಂಚೆ ಮಳೆ ಕೈಕೊಟ್ಟ ಒಂದು ವರ್ಷ ಬಾವಿಗಿಳಿದು ಕೈಯಲ್ಲಿ ಮಣ್ಣು ಕೆದಕಿ ನೀರು ಸೋಸಿದ ಕತೆಯನ್ನು ಅವರು ಆವತ್ತು ಮೊದಲ ಸಲ ಹೇಳಿದರು. ಹೇಳಿ ಮುಗಿಸಿ, ಪಂಚೆ ಕೊಡವಿ ಎದ್ದು, ನಾಳೆಯೇ ಕೋಣೆ ತೆಗೆಯಿರಿ ಎಂದರು.

ಎರಡು ದಿನ ನಡೆಯಿತು ಆ ಕೆಲಸ. ನನ್ನನ್ನು ಜಗುಲಿಯ ಮೇಲೆ ಕೂರಿಸಿದರು. ಅಲ್ಲಿಂದಲೇ ಇದು ಹಿತ್ತಿಲಿಗೆ, ಇದು ತಿಪ್ಪೆಗೆ, ಇದು ಒಲೆಗೆ ಎಂದು ದೊರೆಸಾನಿಯ ಹಾಗೆ ಕೈ ತೋರಿಸಿದೆ. ಅಂಗಳ ತುಂಬಿ ಬೀದಿಗೆ ಬಂತು ಸಾಮಾನು. ಇಷ್ಟೆಲ್ಲ ಆ ಕೋಣೆ ನುಂಗಿತ್ತೇ ಎಂದು ನೋಡಿದವರೆಲ್ಲ ಬಾಯಿ ಬಿಟ್ಟರು. ಒಡೆಯದ ವಾಡೆಗಳನ್ನು ನೆರೆಯವರು ಉರುಳಿಸಿಕೊಂಡು ಹೋದರು. ಮದ್ದೂರಿನಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಸಾಹೇಬರೊಬ್ಬರು ಬಂದು ಗುಳಗಳನ್ನೆಲ್ಲ ತೂಗಿ ನೋಡಿದರು. ಯುದ್ಧ ಬಂದ ಮೇಲೆ ಇಂಥ ಕಬ್ಬಿಣ ಕಣ್ಣಿಗೂ ಬಿದ್ದಿಲ್ಲ ಎಂದರು. ಆ ಗುಳಗಳನ್ನೇ ಕಾಯಿಸಿ ಬಡಿದು, ಇಟ್ಟಿಗೆ ಒಡೆದು ತೆಗೆದ ಕಿಟಕಿಗೆ ಐದು ಸರಳು ಮಾಡಿ ತಂದು, ತಾವೇ ನಿಂತು ಕೂರಿಸಿಕೊಟ್ಟರು. ಬಾನಿಯ ಚರ್ಮ ಎಣ್ಣೆ ಕುಡಿದು ಒಳ್ಳೇ ಹದಕ್ಕೆ ಬಂದಿತ್ತು. ಮನೆಮಂದಿಗೆಲ್ಲ ಅದರಲ್ಲಿ ಮೆಟ್ಟು ಹೊಲಿಸಿದೆವು. ಮಾವ ತಮ್ಮ ಜೊತೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮೆಟ್ಟಿಕೊಂಡರು.

ಎರಡನೆಯ ದಿನ ಸಂಜೆಗೆ ಕೋಣೆಯಲ್ಲಿ ಉಳಿದದ್ದು ಮೂಲೆಯ ದೊಡ್ಡ ವಾಡೆಯೊಂದೇ. ಅದರ ಹಿಂದಕ್ಕೆ ಯಾರನ್ನೂ ಬಿಡದೆ ಮಾವ ತಾವೇ ಹೋದರು. ಅಲ್ಲಿ ನಾನೇ ಬಚ್ಚಿಟ್ಟದ್ದೊಂದಿತ್ತು, ಗೆದ್ದ ಅಮಲಿನಲ್ಲಿ ಮರೆತೇಬಿಟ್ಟಿದ್ದೆ. ಅವರು ಹೊರಗೆ ಬಂದಾಗ ಕೈಯಲ್ಲಿ ಒಂದು ಪುಟ್ಟ ಗಂಟಿತ್ತು. ಮೊದಲ ಕೂಸಿಗೆ ಸುತ್ತುತ್ತಿದ್ದ ನನ್ನ ಹಳೇ ಸೀರೆಯ ತುಂಡುಗಳು, ಒಂದು ಕುಲಾವಿ. ಮಣ್ಣು ಮಾಡಿ ಬಂದ ದಿನ ಎಲ್ಲವನ್ನೂ ಹೊಳೆಗೆ ಬಿಡಿ ಎಂದಿದ್ದರು. ನಾನು ಬಿಟ್ಟಿರಲಿಲ್ಲ. ಯಾರಿಗೂ ಕಾಣದಂತೆ ಆ ವಾಡೆಯ ಹಿಂದೆ ತುರುಕಿದ್ದೆ.

ಏನದು ಎಂದು ಅತ್ತೆ ಕೇಳಿದರು. ಮಾವ ಗಂಟನ್ನು ಎರಡೂ ಕೈಯಲ್ಲಿ ತಂದು ನನ್ನ ಮಡಿಲಿಗಿಟ್ಟರು.

"ನೀನ್ ಇಟ್ಟಾಗ್ಲೇ ನೋಡಿದ್ದೆ ಕಣವ್ವ" ಎಂದು ಮೆಲ್ಲಗೆ ಅಂದು, ದನದ ಕೊಟ್ಟಿಗೆಯ ಕಡೆ ಹೋದರು.

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಊರ ಮುಂದೆ ಆ ಮನುಷ್ಯನನ್ನು ನಗೆಗೀಡು ಮಾಡಿದವಳು ನಾನು. ಎರಡು ವರ್ಷ ನನ್ನ ಗಂಟನ್ನು ಕಂಡೂ ಕಾಣದಂತೆ ಕಾದವರು ಅವರು. ಆ ಕೋಣೆಯನ್ನು ಖಾಲಿ ಮಾಡಲು ಬಿಡದೆ ಇದ್ದುದರಲ್ಲಿ ಇದೂ ಒಂದು ಕಾರಣವಾಗಿತ್ತೋ ಏನೋ.

ಗಂಟು ಬಿಚ್ಚಿದೆ. ಕುಲಾವಿಯನ್ನು ಹುಳ ತಿಂದು ಜಾಲರಿಯಾಗಿತ್ತು, ಕೈಯಲ್ಲಿ ಹಿಡಿದರೆ ಉದುರಿತು. ಅದನ್ನು ಒಲೆಗೆ ಹಾಕಿದೆ. ಹಾಕುವಾಗ ನಾನು ಅತ್ತದ್ದು ನನ್ನೊಳಗೇ ಇರಲಿ. ಸೀರೆಯ ತುಂಡುಗಳು ಮಾತ್ರ ಗಟ್ಟಿಯಾಗಿದ್ದವು, ತೊಳೆದು ತೊಳೆದು ಮೆತ್ತಗಾದ ನೂಲು. ನರ್ಸಮ್ಮ ಹಳೇ ಬಟ್ಟೆ ಕುದಿಸಿ ಇಡು ಎಂದಿದ್ದರಲ್ಲ. ಉಳಿದ ಬಟ್ಟೆಗಳ ಜೊತೆ ಅವನ್ನೂ ಹಂಡೆಗೆ ಹಾಕಿ, ಕುದಿಸಿ, ಹಿಂಡಿ, ಬೇಲಿಯ ಮೇಲೆ ಹರವಿದೆ. ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾಗಿ ಒಣಗಿದವು. ಮಡಿಸಿ ಎತ್ತಿಡುವಾಗ ಯಾವುದು ಹಳೆಯದು, ಯಾವುದು ಈಚಿನದು ಎಂದು ನನಗೇ ಗುರುತು ಹತ್ತಲಿಲ್ಲ.

ನಮ್ಮವರು ಗೋಡೆಗೆ ಎರಡು ಸಲ ಸುಣ್ಣ ಹೊಡೆದರು. ಅತ್ತೆ ನೆಲಕ್ಕೆ ಸಗಣಿ ಸಾರಿಸಿದರು. ಒಂಬತ್ತು ತುಂಬಿ ನೋವು ಕಾಣಿಸಿಕೊಂಡ ಬೆಳಿಗ್ಗೆ, ಹೊತ್ತು ಮೂಡುವ ಮುಂಚೆಯೇ ಮಾವ ತಾವೇ ಗಾಡಿ ಕಟ್ಟಿ ಮದ್ದೂರಿಗೆ ಹೋದರು. ಮಗನನ್ನು ಕಳಿಸಲಿಲ್ಲ. ನರ್ಸಮ್ಮ ಬಂದು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. ಬರೀ ಚಾಪೆ, ನೀರಿನ ಹಂಡೆ, ಮಡಿಸಿದ ಬಟ್ಟೆ. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಭೇಷ್ ಎಂದರು. ಆ ಒಂದು ಮಾತಿಗೆ ನನ್ನ ಅರ್ಧ ನೋವು ಇಳಿಯಿತು. ಊಟದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು.

ಕೂಸು ಬದುಕಿತು. ಹದಿನೈದು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಜ್ವರ ಹತ್ತಿರ ಸುಳಿಯಲಿಲ್ಲ. ನಾನು ಗೆದ್ದೆ ಎಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ತಿಂಗಳು ತುಂಬಿದ ದಿನ ಬೆಳಿಗ್ಗೆ ಮಾವ ಗದ್ದೆಗೆ ಹೋಗುವವರು ಕಿಟಕಿಯ ಹೊರಗೆ ನಿಂತರು. ಗಂಡಸರು ಬಾಣಂತಿ ಕೋಣೆಗೆ ಬರುವಂತಿಲ್ಲವಲ್ಲ. ಸರಳು ಹಿಡಿದು ಮೊದಲು ಕೂಸನ್ನು ನೋಡಿದರು, ಆಮೇಲೆ ಬರಿಯ ಬಿಳಿ ಗೋಡೆಗಳನ್ನು ಮೂಲೆ ಮೂಲೆಯೂ ನೋಡಿದರು.

"ಇಷ್ಟ್ ದೊಡ್ಡ ಕೋಣೇನ ಕಪ್ಲೆಗೆ ಬುಟ್ಟಿದ್ನಲ್ಲವ್ವ" ಎಂದರು.

ಯಾವ ಕೂಸನ್ನು ನೆನೆದು ಹೇಳಿದರೆಂದು ನನಗೆ ತಿಳಿಯಿತು. ಬಿಡಿ ಮಾವ ಎಂದೆ. ಅಷ್ಟರಲ್ಲಿ ಕೂಸು ಎಚ್ಚೆತ್ತು ಕಿರಿಚಿಕೊಂಡು ಅಳತೊಡಗಿತು. ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ನಾನು ಅವಸರದಲ್ಲಿ ಎತ್ತಿಕೊಳ್ಳಲು ಹೋದೆ. ಮಾವ ಕಿಟಕಿಯ ಆಚೆಯಿಂದಲೇ ಕೈ ತೋರಿ ತಡೆದರು.

"ಅಳ್ಲಿ ಬುಡು" ಎಂದರು. "ಊರ್ಗೆಲ್ಲ ಕೇಳ್ಲಿ."